ಮಾಜಿ ಸೈನಿಕರು ಮತ್ತು ಆರೋಗ್ಯ ಸಂಶೋಧನೆ: ಪ್ರಶ್ನೆ ಕೇಳುವ ಹಕ್ಕು ಯಾರದು?

(ಗ್ರಾಮ ಪಂಚಾಯತ್ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕುಡಿಯುವ ನೀರು, ಬೀದಿದೀಪ, ಉದ್ಯೋಗ ಖಾತರಿಯ ಕೂಲಿ ಇವುಗಳಲ್ಲಿಯೇ ದಿನ ಕಳೆಯುವ ನಮಗೂ ಸಂಶೋಧನೆಗೂ ಏನು ಸಂಬಂಧ ಎಂದು, ಇಂದಿನ ಕಾರ್ಯಕ್ರಮ ಪಟ್ಟಿಯನ್ನು ನೋಡಿದಾಗ ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದು ಸಹಜವೇ. ಆದರೆ ಸೈನ್ಯಕ್ಕೆ ಸೇರಿದ ಹಳ್ಳಿಯ ತರುಣರಲ್ಲಿ ಬಹುಮಂದಿ ನಿವೃತ್ತರಾಗಿ ಮರಳುವುದು ತಮ್ಮ ಊರಿಗೇ. ಸಿಪಾಯಿಯಾಗಿ ಸೇರಿದವರು ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿಯೇ ಪಿಂಚಣಿ ಪಡೆದು ಮನೆಗೆ ಬರುತ್ತಾರೆ. ಅಲ್ಲಿಂದ ಮುಂದೆ ಮೂರು ನಾಲ್ಕು ದಶಕಗಳ ಕಾಲ ಅವರ ಮಂಡಿನೋವು, ಕಿವಿಯ ಮಂದತೆ, ನಿದ್ದೆ ಬಾರದ ರಾತ್ರಿಗಳು ನಮ್ಮ ವಾರ್ಡಿನ ಸಂಗತಿಗಳಾಗಿರುತ್ತವೆ. ಅವರ ಆರೋಗ್ಯವನ್ನು ಕುರಿತು ಅಧ್ಯಯನ ನಡೆಸಲು ಯಾರಾದರೂ ಬಂದರೆ ಮೊದಲು ವಿಚಾರಿಸುವುದೂ ಪಂಚಾಯತ್ ಕಚೇರಿಯಲ್ಲಿಯೇ.

ನಾನು ಹೇಳಲು ಬಯಸುವುದು ಒಂದೇ ಮಾತು. ಮಾಜಿ ಸೈನಿಕರ ಆರೋಗ್ಯದ ಬಗೆಗಿನ ಅಧ್ಯಯನದಲ್ಲಿ ಏನನ್ನು ಕೇಳಬೇಕು ಎಂದು ನಿರ್ಧರಿಸುವ ಹೊತ್ತಿನಲ್ಲಿಯೇ ಮಾಜಿ ಸೈನಿಕರು ಆ ಕೋಣೆಯಲ್ಲಿ ಕುಳಿತಿರಬೇಕು. ಉತ್ತರ ಬರೆದುಕೊಳ್ಳುವಾಗ ಮಾತ್ರ ಅವರನ್ನು ಕರೆದರೆ ವರ್ಷಗಟ್ಟಲೆ ಶ್ರಮ ವ್ಯರ್ಥವಾಗುವ ಸಂಭವವುಂಟು. ಇದು ನನ್ನ ಊಹೆಯ ಮಾತಲ್ಲ. ಅಮೆರಿಕ ದೇಶದಲ್ಲಿ ಹಾಗೆಯೇ ಆಯಿತು, ಬಳಿಕ ತಿದ್ದಿಕೊಳ್ಳುವ ಪ್ರಯತ್ನವೂ ಅಲ್ಲಿಯೇ ನಡೆಯಿತು. ಆದ್ದರಿಂದ ಇಂದಿನ ಮಾತಿನ ಬಹುಭಾಗ ಅಲ್ಲಿನ ಅನುಭವವನ್ನು ಕುರಿತದ್ದು. ನಮ್ಮ ಊರಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ‘ಆರೋಗ್ಯ ಸೇವಾ ಸಂಶೋಧನೆ’ ಎಂಬ ಪದದ ಅರ್ಥ. ಒಂದು ಔಷಧ ರೋಗಾಣುವನ್ನು ಕೊಲ್ಲುತ್ತದೆಯೇ ಎಂಬುದು ಪ್ರಯೋಗಾಲಯದ ಪ್ರಶ್ನೆ. ಆ ಔಷಧ ರೋಗಿಯ ಕೈಗೆ ಸಕಾಲದಲ್ಲಿ ತಲುಪುತ್ತದೆಯೇ, ತಲುಪದಿದ್ದರೆ ಅಡ್ಡಿಯಾದದ್ದು ದೂರವೋ ಹಣವೋ ಸಂಕೋಚವೋ ಎಂಬುದು ಆರೋಗ್ಯ ಸೇವಾ ಸಂಶೋಧನೆಯ ಪ್ರಶ್ನೆ. ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿಯೇ ಒಂದು ಪ್ರತ್ಯೇಕ ಕೇಂದ್ರ ಇಲಾಖೆಯಿದೆ. ಅದು ದೇಶದುದ್ದಕ್ಕೂ ತನ್ನದೇ ಆಸ್ಪತ್ರೆಗಳನ್ನು ನಡೆಸುತ್ತದೆ. ಸೈನ್ಯದಲ್ಲಿ ಸೇವೆ ಸಲ್ಲಿಸಿ ಬಂದ ಮಹಿಳೆಯರೂ ಆ ಆಸ್ಪತ್ರೆಗಳಲ್ಲಿಯೇ ಚಿಕಿತ್ಸೆ ಪಡೆಯುತ್ತಾರೆ. ಈ ಮಹಿಳೆಯರನ್ನು ಕುರಿತ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಆವರಣದಲ್ಲಿಯೇ ಪುರುಷ ಮಾಜಿ ಸೈನಿಕರಿಂದ ಅನುಚಿತ ಮಾತು ಅಥವಾ ವರ್ತನೆಯನ್ನು ಎದುರಿಸಿದ್ದೇವೆ ಎಂದು ಸುಮಾರು ನಾಲ್ವರಲ್ಲಿ ಒಬ್ಬ ಮಹಿಳೆ ತಿಳಿಸಿದರು. ಅಂಥ ಅನುಭವವಾದವರು ಚಿಕಿತ್ಸೆಯನ್ನು ಮುಂದೂಡುವುದು ಅಥವಾ ತಪ್ಪಿಸಿಕೊಳ್ಳುವುದು ಇತರರಿಗಿಂತ ಹೆಚ್ಚು ಎಂದೂ ಕಂಡುಬಂದಿತು. ಗಮನಿಸಿ: ಕಟ್ಟಡವಿದೆ, ವೈದ್ಯರಿದ್ದಾರೆ, ಔಷಧವಿದೆ. ರೋಗಿ ಮಾತ್ರ ಹೊರರೋಗಿ ವಿಭಾಗದ ಬೆಂಚಿನಿಂದ ಎದ್ದು ಮನೆಗೆ ಹೋಗಿದ್ದಾಳೆ. ರಕ್ತಪರೀಕ್ಷೆಯಿಂದ ಇದು ತಿಳಿಯುವುದಿಲ್ಲ. ಆ ಬೆಂಚಿನ ಮೇಲೆ ಕುಳಿತವರನ್ನು ಕೇಳಬೇಕು, ಅದಕ್ಕೂ ಮೊದಲು ಹೀಗೆ ಕೇಳಬೇಕೆಂದು ಯಾರಿಗಾದರೂ ತೋಚಿರಬೇಕು.

ಇನ್ನು ‘ಪಾಲುದಾರ’ ಎಂಬ ಪದ. ಭಾಗವಹಿಸುವುದು ಬೇರೆ, ಪಾಲುದಾರರಾಗುವುದು ಬೇರೆ. ಅದೇ ಇಲಾಖೆ 2011ರಲ್ಲಿ ಹತ್ತು ಲಕ್ಷ ಮಾಜಿ ಸೈನಿಕರ ರಕ್ತದ ಮಾದರಿ ಹಾಗೂ ಆರೋಗ್ಯ ಮಾಹಿತಿಯನ್ನು ಸಂಗ್ರಹಿಸುವ ಬೃಹತ್ ಯೋಜನೆಯೊಂದನ್ನು ಕೈಗೊಂಡಿತು. 2023ರ ನವೆಂಬರ್‌ನಲ್ಲಿ ಆ ಸಂಖ್ಯೆ ಪೂರ್ಣಗೊಂಡಿತು. ಅದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಆದರೆ ರಕ್ತ ಕೊಟ್ಟು ನಮೂನೆಗೆ ಸಹಿ ಹಾಕಿದ ಮಾತ್ರಕ್ಕೆ ಸಂಶೋಧನೆ ಯಾವ ದಿಕ್ಕಿನಲ್ಲಿ ಸಾಗಬೇಕೆಂದು ಹೇಳುವ ಅವಕಾಶ ಯಾರಿಗೂ ದೊರೆಯುವುದಿಲ್ಲ. ಪಾಲುದಾರರಿಗೆ ಆ ಅವಕಾಶ ಇರುತ್ತದೆ. ಗ್ರಾಮ ಸಭೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಮಾಡಿ ಹಿಂದಿರುಗುವವರಿಗೂ ಕ್ರಿಯಾಯೋಜನೆಯಲ್ಲಿ ತಮ್ಮ ಕೇರಿಯ ಚರಂಡಿಯನ್ನು ಸೇರಿಸಿ ಎಂದು ಎದ್ದುನಿಂತು ಹೇಳುವವರಿಗೂ ಇರುವ ಅಂತರ ತಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಮುಖ್ಯ ಪ್ರಸಂಗಕ್ಕೆ ಬರುತ್ತೇನೆ. 1990ರ ಆಗಸ್ಟ್‌ನಲ್ಲಿ ಇರಾಕ್ ದೇಶವು ಕುವೈತನ್ನು ಆಕ್ರಮಿಸಿತು. ಅದನ್ನು ತೆರವುಗೊಳಿಸಲು ಅಮೆರಿಕ ಸುಮಾರು ಏಳು ಲಕ್ಷ ಸೈನಿಕರನ್ನು ಕೊಲ್ಲಿ ಪ್ರದೇಶಕ್ಕೆ ಕಳುಹಿಸಿತು. 1991ರ ಫೆಬ್ರವರಿ ಅಂತ್ಯದ ಭೂಯುದ್ಧ ಸುಮಾರು ನೂರು ಗಂಟೆಗಳಲ್ಲಿ ಮುಗಿಯಿತು. ಯುದ್ಧ ಬೇಗ ಮುಗಿದರೂ ಊರಿಗೆ ಮರಳಿದವರಲ್ಲಿ ಬಹಳ ಮಂದಿ ವಿಚಿತ್ರ ಕಾಯಿಲೆಗಳಿಂದ ನರಳತೊಡಗಿದರು. ವಿಶ್ರಾಂತಿಯಿಂದ ತೀರದ ಆಯಾಸ, ಸ್ನಾಯು ಮತ್ತು ಕೀಲುಗಳ ನೋವು, ತಲೆನೋವು, ಮರೆವು, ಹೊಟ್ಟೆಯ ತೊಂದರೆ, ಚರ್ಮದ ಮೇಲಿನ ದದ್ದು. ವೈದ್ಯರ ಸಾಮಾನ್ಯ ತಪಾಸಣೆಗಳಲ್ಲಿ ಯಾವುದೂ ಸ್ಪಷ್ಟವಾಗಿ ಸಿಕ್ಕಿಬೀಳುತ್ತಿರಲಿಲ್ಲ. ವರದಿ ಸರಿಯಾಗಿದೆ, ರೋಗಿ ಮಾತ್ರ ಸರಿಯಿಲ್ಲ ಎಂಬಂಥ ಸ್ಥಿತಿ.

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನೂ ಹೇಳಬೇಕು. ಸಮಿತಿಗಳಾದವು, ಹಣ ಬಿಡುಗಡೆಯಾಯಿತು, ಅಧ್ಯಯನಗಳು ನಡೆದವು. ಆದರೆ ಆರಂಭದ ವರ್ಷಗಳಲ್ಲಿ ಬಹಳಷ್ಟು ಗಮನ ಹರಿದದ್ದು ಮನಸ್ಸಿನ ಒತ್ತಡದ ಕಡೆಗೆ. ಅಧ್ಯಕ್ಷರು ನೇಮಿಸಿದ್ದ ಸಲಹಾ ಸಮಿತಿಯು 1996ರ ಅಂತ್ಯದಲ್ಲಿ ಸಿದ್ಧಪಡಿಸಿದ ತನ್ನ ಅಂತಿಮ ವರದಿಯಲ್ಲಿ, ಈ ಕಾಯಿಲೆಗಳಿಗೆ ಒತ್ತಡವು ಒಂದು ಪ್ರಮುಖ ಕಾರಣಾಂಶವಾಗಿರುವ ಸಂಭವವಿದೆ ಎಂದಿತು. ಸೈನಿಕರು ಮಾತ್ರ ಬೇರೆಯದನ್ನೇ ಹೇಳುತ್ತಿದ್ದರು. ನಮಗೆ ನರಾನಿಲದಿಂದ ರಕ್ಷಣೆಗೆಂದು ಮಾತ್ರೆಗಳನ್ನು ಕೊಟ್ಟಿದ್ದರು, ಡೇರೆಗಳಿಗೆ ಕೀಟನಾಶಕ ಹೊಡೆದಿದ್ದರು, ಮೈಗೂ ಕೀಟ ನಿವಾರಕ ಬಳಿದುಕೊಂಡಿದ್ದೆವು, ಉರಿಯುವ ತೈಲಬಾವಿಗಳ ಹೊಗೆಯಲ್ಲಿ ಉಸಿರಾಡಿದ್ದೆವು, ಇವುಗಳನ್ನು ಮೊದಲು ಪರಿಶೀಲಿಸಿ ಎಂದು.

ಆ ಮಾತ್ರೆಯ ಹೆಸರು ಪಿರಿಡೋಸ್ಟಿಗ್ಮೈನ್ ಬ್ರೋಮೈಡ್. ರೋಗಿಯ ಒಪ್ಪಿಗೆ ಪಡೆದೇ ಇಂಥ ಪ್ರಾಯೋಗಿಕ ಬಳಕೆ ನಡೆಯಬೇಕೆಂಬುದು ನಿಯಮ. ಯುದ್ಧದ ಸಂದರ್ಭದಲ್ಲಿ ಸೈನಿಕರ ಒಪ್ಪಿಗೆ ಪಡೆಯಬೇಕಾಗಿಲ್ಲವೆಂದು 1990ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ವಿನಾಯಿತಿಗೆ ಅವಕಾಶ ಮಾಡಿಕೊಟ್ಟಿತ್ತು. ಆಗಿನ ಭೀತಿಯನ್ನು ನೆನೆದರೆ ಆ ನಿರ್ಧಾರ ಅರ್ಥವಾಗದ್ದೇನಲ್ಲ. ಆದರೆ ಕೇಳದೆ ಮಾತ್ರೆ ನುಂಗಿಸಿದವರನ್ನು, ಕಾಯಿಲೆ ಬಿದ್ದ ಮೇಲೆಯೂ ಕೇಳದಿದ್ದದ್ದು ನನಗೆ ಎರಡನೆಯ ಅನ್ಯಾಯವಾಗಿ ಕಾಣುತ್ತದೆ.

1996ರ ಜೂನ್‌ನಲ್ಲಿ ಇನ್ನೊಂದು ಸಂಗತಿ ಹೊರಬಂದಿತು. ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, 1991ರ ಮಾರ್ಚ್‌ನಲ್ಲಿ, ಇರಾಕಿನ ಖಮೀಸಿಯಾ ಎಂಬಲ್ಲಿದ್ದ ಶಸ್ತ್ರಾಗಾರವನ್ನು ಅಮೆರಿಕದ ಸೈನಿಕರು ಸ್ಫೋಟಿಸಿದ್ದರು. ಅಲ್ಲಿ ನರಾನಿಲ ತುಂಬಿದ ರಾಕೆಟ್‌ಗಳಿದ್ದವೆಂದು ರಕ್ಷಣಾ ಇಲಾಖೆ ಐದು ವರ್ಷಗಳ ಬಳಿಕ ಒಪ್ಪಿಕೊಂಡಿತು. ಅದರ ಸೋಂಕು ತಗುಲಿರಬಹುದೆಂದು ಮುಂದೆ ಸುಮಾರು ಒಂದು ಲಕ್ಷ ಮಂದಿಗೆ ಪತ್ರಗಳು ಹೋದವು.

ಮಾಜಿ ಸೈನಿಕರ ಸಂಘಟನೆಗಳು ಸಂಸತ್ ಸದಸ್ಯರ ಬಾಗಿಲು ತಟ್ಟಿದವು. 1998ರಲ್ಲಿ ಕಾನೂನೊಂದು ಅಂಗೀಕಾರವಾಯಿತು. ಅದರ ಪ್ರಕಾರ, ಕೊಲ್ಲಿ ಯುದ್ಧದ ಮಾಜಿ ಸೈನಿಕರ ಕಾಯಿಲೆಗಳ ಸಂಶೋಧನೆಗೆ ಸಲಹೆ ನೀಡುವ ಸಮಿತಿಯೊಂದು 2002ರಲ್ಲಿ ರಚನೆಯಾಯಿತು. ಅದರಲ್ಲಿ ವಿಜ್ಞಾನಿಗಳ ಜೊತೆ ಮಾಜಿ ಸೈನಿಕರೂ ಸದಸ್ಯರಾಗಿದ್ದರು. ಆ ಸಮಿತಿ 2008ರ ನವೆಂಬರ್‌ನಲ್ಲಿ ನಾನೂರೈವತ್ತಕ್ಕೂ ಹೆಚ್ಚು ಪುಟಗಳ ವರದಿಯನ್ನು ಹೊರತಂದಿತು. ಈ ಕಾಯಿಲೆ ನಿಜವಾದದ್ದು. ಕೊಲ್ಲಿಗೆ ಹೋದವರಲ್ಲಿ ಕನಿಷ್ಠ ನಾಲ್ವರಲ್ಲಿ ಒಬ್ಬರನ್ನು ಬಾಧಿಸುತ್ತಿದೆ. ಆ ಮಾತ್ರೆ ಹಾಗೂ ಕೀಟನಾಶಕಗಳಿಗೆ ಇದರೊಂದಿಗೆ ಕಾರಣ ಸಂಬಂಧವಿದೆ. ಮನಸ್ಸಿನ ಒತ್ತಡ ಇದಕ್ಕೆ ಕಾರಣವೆನ್ನಲು ಆಧಾರವಿಲ್ಲ. ಇದು ಅದರ ತೀರ್ಮಾನವಾಗಿತ್ತು. ಯುದ್ಧ ಮುಗಿದು ಅಷ್ಟರಲ್ಲಿ ಹದಿನೇಳು ವರ್ಷಗಳು ಕಳೆದಿದ್ದವು.

ಇದೇ ವರದಿಯಲ್ಲಿ ಅಷ್ಟಾಗಿ ಪ್ರಚಾರ ಪಡೆಯದ ಇನ್ನೊಂದು ಭಾಗವಿದೆ. ಅದು ನನಗೆ ಅಷ್ಟೇ ಮುಖ್ಯವೆನಿಸುತ್ತದೆ. ಆಂತ್ರಾಕ್ಸ್ ಲಸಿಕೆ, ಸಿಡಿಗುಂಡುಗಳಲ್ಲಿ ಬಳಸಿದ ಯುರೇನಿಯಂ ಇವುಗಳ ಮೇಲೂ ಸೈನಿಕರಲ್ಲಿ ಬಲವಾದ ಅನುಮಾನಗಳಿದ್ದವು. ಬಹುಪಾಲು ರೋಗಿಗಳ ಮಟ್ಟಿಗೆ ಇವು ಕಾರಣವಾಗಿರಲಾರವು ಎಂದು ಸಮಿತಿ ಹೇಳಿತು. ಅಂದರೆ ಮಾಜಿ ಸೈನಿಕರನ್ನು ಪಾಲುದಾರರನ್ನಾಗಿಸಿದರೆ ಅವರು ಹೇಳಿದ್ದೆಲ್ಲವೂ ವಿಜ್ಞಾನವಾಗಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಪ್ರಶ್ನೆಯನ್ನು ಮೇಜಿನ ಮೇಲಿಡುವ ಅಧಿಕಾರ ಅವರಿಗಿತ್ತು. ಉತ್ತರವನ್ನು ಸಾಕ್ಷ್ಯಗಳು ಕೊಟ್ಟವು. ತಮ್ಮ ಅನುಮಾನ ಸುಳ್ಳೆಂದು ತಿಳಿದಾಗ ಅದನ್ನು ಒಪ್ಪಿಕೊಳ್ಳುವುದೂ ಅಂಥ ಪಾಲುದಾರಿಕೆಯಲ್ಲಿ ಸುಲಭ. ಹೊರಗೆ ನಿಲ್ಲಿಸಲ್ಪಟ್ಟವರು ಯಾವ ವರದಿಯನ್ನೂ ನಂಬುವುದಿಲ್ಲ.

2006ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಅಡಿಯಲ್ಲಿ, ಸಂಸತ್ತಿನ ನಿರ್ದೇಶನದಂತೆ, ಈ ಕಾಯಿಲೆಗಾಗಿಯೇ ಒಂದು ಪ್ರತ್ಯೇಕ ಸಂಶೋಧನಾ ಕಾರ್ಯಕ್ರಮ ಆರಂಭವಾಯಿತು. ಯಾವ ಪ್ರಸ್ತಾವಕ್ಕೆ ಹಣ ಕೊಡಬೇಕೆಂದು ಪರಿಶೀಲಿಸುವ ಮಂಡಳಿಗಳಲ್ಲಿ ಕಾಯಿಲೆ ಇರುವ ಮಾಜಿ ಸೈನಿಕರೂ ವಿಜ್ಞಾನಿಗಳ ಪಕ್ಕದಲ್ಲಿ ಕುಳಿತು ಅಂಕ ನೀಡುತ್ತಿದ್ದರು. ಈ ಪದ್ಧತಿಗೆ ದಾರಿ ಮಾಡಿಕೊಟ್ಟವರು 1990ರ ದಶಕದ ಸ್ತನ ಕ್ಯಾನ್ಸರ್ ಪೀಡಿತ ಮಹಿಳೆಯರು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಹಣ ಹಂಚುವ ಮೇಜಿನ ಮುಂದೆ ರೋಗಿಯನ್ನು ಮೊದಲು ಕೂರಿಸಿದವರು ಅವರು. 2022ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳ ತಂಡವು, ಸಾರಿನ್ ಎಂಬ ನರಾನಿಲವನ್ನು ದೇಹದಲ್ಲಿ ಒಡೆಯುವ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿದ್ದವರಲ್ಲಿ, ಆ ಅನಿಲಕ್ಕೆ ಒಡ್ಡಿಕೊಂಡಾಗ ಈ ಕಾಯಿಲೆಯ ಸಾಧ್ಯತೆ ಹೆಚ್ಚು ಎಂದು ಪ್ರಕಟಿಸಿತು. ಒಂದೇ ಡೇರೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬ ಹಾಸಿಗೆ ಹಿಡಿದದ್ದೇಕೆ, ಇನ್ನೊಬ್ಬ ಗಟ್ಟಿಯಾಗಿರುವುದೇಕೆ ಎಂಬ ಹಳೆಯ ಪ್ರಶ್ನೆಗೆ ಅದು ಒಂದು ಉತ್ತರ.

ಈ ಕಥೆಯನ್ನು ಕೇವಲ ಗೆಲುವಿನ ಕಥೆಯಾಗಿ ಹೇಳಿದರೆ ತಮಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. 2013ರಲ್ಲಿ ಅದೇ ಇಲಾಖೆಯು ಆ ಸಲಹಾ ಸಮಿತಿಯ ಅಧಿಕಾರವ್ಯಾಪ್ತಿಯನ್ನು ಮೊಟಕುಗೊಳಿಸಿತು. ಇಲಾಖೆಯ ಸಂಶೋಧನೆ ಎಷ್ಟು ಫಲಕಾರಿ ಎಂದು ಪರಾಮರ್ಶಿಸುವ ಹೊಣೆಯನ್ನು ಅದರಿಂದ ತೆಗೆಯಲಾಯಿತು, ಸದಸ್ಯರನ್ನೂ ಬದಲಿಸಲಾಯಿತು. ಪಾಲುದಾರಿಕೆಯನ್ನು ಒಂದು ಆದೇಶದಿಂದ ಕೊಡಬಹುದಾದರೆ ಇನ್ನೊಂದು ಆದೇಶದಿಂದ ಹಿಂಪಡೆಯಲೂಬಹುದು. ಅನುದಾನ ಮತ್ತು ಅಧಿಕಾರ ವಿಕೇಂದ್ರೀಕರಣದ ಬಗ್ಗೆ ಅನುಭವವುಳ್ಳ ತಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇದಕ್ಕೂ ಹಿಂದಿನ ಒಂದು ನಿದರ್ಶನವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವಿಯೆಟ್ನಾಂ ಯುದ್ಧದಿಂದ ಮರಳಿದ ತರುಣರು 1970ರಲ್ಲಿ ನ್ಯೂಯಾರ್ಕ್ ನಗರದಲ್ಲಿ ತಾವಾಗಿಯೇ ಗುಂಪುಗೂಡಿ ತಮ್ಮ ದುಃಸ್ವಪ್ನ, ಸಿಡುಕು, ಪಾಪಪ್ರಜ್ಞೆಗಳ ಬಗ್ಗೆ ಮಾತನಾಡಿಕೊಳ್ಳತೊಡಗಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ಚೈಮ್ ಶಾಟನ್ ಮತ್ತು ರಾಬರ್ಟ್ ಜೇ ಲಿಫ್ಟನ್ ಎಂಬ ಇಬ್ಬರು ಮನೋವೈದ್ಯರು ಆ ಗುಂಪುಗಳಲ್ಲಿ ಕುಳಿತು ಆಲಿಸಿದರು. ಅಲ್ಲಿ ಕೇಳಿಬಂದ ಮಾತುಗಳು ದಶಕದ ಕೊನೆಯ ವೇಳೆಗೆ ವೈದ್ಯಶಾಸ್ತ್ರದ ಭಾಷೆಯನ್ನೇ ಬದಲಿಸಿದವು. ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರು 1980ರಲ್ಲಿ ಅಮೆರಿಕದ ಮಾನಸಿಕ ರೋಗಗಳ ಅಧಿಕೃತ ಕೈಪಿಡಿಯನ್ನು ಸೇರಿತು. ಇಂದು ಅತ್ಯಾಚಾರಕ್ಕೊಳಗಾದ ಮಹಿಳೆಗೂ ಭೂಕಂಪದಲ್ಲಿ ಬದುಕುಳಿದ ಮಗುವಿಗೂ ನಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಅದೇ ಹೆಸರನ್ನು ಬರೆಯುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಹಲವು ಸಂಶೋಧನಾ ಕೇಂದ್ರಗಳಲ್ಲಿ ಮಾಜಿ ಸೈನಿಕರ ಸಲಹಾ ಮಂಡಳಿಗಳು ಕೆಲಸ ಮಾಡುತ್ತಿವೆ. ಅವರು ಮಾಡುವುದು ಬಹುಮಟ್ಟಿಗೆ ಸಣ್ಣ ಕೆಲಸಗಳು. ಪ್ರಶ್ನಾವಳಿ ಉದ್ದವಾಯಿತೆನ್ನುತ್ತಾರೆ. ಈ ಪತ್ರವನ್ನು ಓದಿದರೆ ಯಾರೂ ಬರಲಾರರು ಎನ್ನುತ್ತಾರೆ. ಮನೆಯಲ್ಲಿ ಬಂದೂಕು ಇದೆಯೇ ಎಂದು ಹೀಗೆ ಒರಟಾಗಿ ಕೇಳಿದರೆ ಅದನ್ನು ಕಿತ್ತುಕೊಳ್ಳಲು ಬಂದಿದ್ದೀರೆಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತಾರೆ, ಆತ್ಮಹತ್ಯೆ ತಡೆಯುವ ನಿಮ್ಮ ಉದ್ದೇಶ ಅಲ್ಲಿಗೇ ನಿಲ್ಲುತ್ತದೆ ಎಂದು ಎಚ್ಚರಿಸುತ್ತಾರೆ. ಈ ಸಣ್ಣ ಕೆಲಸಗಳಿಂದಲೇ ಅಧ್ಯಯನ ಉಳಿಯುತ್ತದೆ ಅಥವಾ ಕೆಡುತ್ತದೆ.

ಇನ್ನು ನಮ್ಮ ದೇಶದ ವಿಚಾರ. ಭಾರತದ ಸೈನಿಕರಿಂದ ಜಗತ್ತಿನ ವೈದ್ಯಶಾಸ್ತ್ರಕ್ಕೆ ದೊರೆತ ಕೊಡುಗೆ ಸಣ್ಣದಲ್ಲ. 1962ರ ಚೀನಾ ಯುದ್ಧದ ಸಮಯದಲ್ಲಿ ಬಯಲು ಸೀಮೆಯ ಸೈನಿಕರನ್ನು ಏಕಾಏಕಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಅಲ್ಲಿ ಕಾಣಿಸಿಕೊಂಡ ಉಸಿರಾಟದ ಹಾಗೂ ತಲೆನೋವಿನ ತೊಂದರೆಗಳನ್ನು ನಮ್ಮ ಸೇನಾ ವೈದ್ಯರು ಶಿಸ್ತಿನಿಂದ ದಾಖಲಿಸಿದರು. 1,925 ಸೈನಿಕರನ್ನು ಕುರಿತ ಅವರ ಲೇಖನ 1969ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರ್ವತ ಪ್ರದೇಶದ ಕಾಯಿಲೆಗಳ ಬಗ್ಗೆ ಬರೆಯುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಆದರೆ ಅಲ್ಲಿ ಸೈನಿಕರು ಪರೀಕ್ಷೆಗೊಳಗಾದವರು. ಯುದ್ಧಕಾಲದಲ್ಲಿ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ನಿವೃತ್ತರಾಗಿ ಊರಿನಲ್ಲಿ ಕುಳಿತವರ ವಿಷಯದಲ್ಲಿ ಆ ಸಬೂಬು ಸಲ್ಲುವುದಿಲ್ಲ.

ನಿವೃತ್ತ ಸೈನಿಕರಿಗೂ ಅವರ ಅವಲಂಬಿತರಿಗೂ ಚಿಕಿತ್ಸೆ ಒದಗಿಸುವ ಇ.ಸಿ.ಎಚ್.ಎಸ್. ಯೋಜನೆ 2003ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೇಶದಲ್ಲಿ ನಾನೂರಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳು ಅದರ ಅಡಿಯಲ್ಲಿವೆ. ಒಳ್ಳೆಯ ಯೋಜನೆ. ಆದರೆ ಪಾಲಿಕ್ಲಿನಿಕ್ ಇರುವುದು ನಗರದಲ್ಲಿ, ಪಿಂಚಣಿದಾರರಿರುವುದು ಹೋಬಳಿಯ ಕೊನೆಯ ಹಳ್ಳಿಯಲ್ಲಿ. ಸಕ್ಕರೆ ಕಾಯಿಲೆಯ ಮಾತ್ರೆಗಾಗಿ ಒಂದು ಇಡೀ ದಿನ ಮತ್ತು ಎರಡು ಬಸ್ಸು. ಎಪ್ಪತ್ತು ದಾಟಿದ ಮೇಲೆ ಮನೆಯಲ್ಲಿ ಯಾರಾದರೂ ಕೂಲಿ ಬಿಟ್ಟು ಜೊತೆಗೆ ಹೋಗಬೇಕು. ಹೀಗಿರುವಾಗ ಅವರು ಆ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಊರಿನ ಔಷಧದಂಗಡಿಯಲ್ಲಿಯೇ ಮಾತ್ರೆ ಕೊಳ್ಳುತ್ತಾರೆಯೇ? ಎಷ್ಟು ಮಂದಿ? ‘ಸೇವೆಯಿಂದ ತಾವು ತೃಪ್ತರೇ?’ ಎಂಬ ಪ್ರಶ್ನೆಗೆ ಬಹುಮಂದಿ ‘ಹೌದು’ ಎಂದೇ ಬರೆಸುತ್ತಾರೆ. ದೂರು ಹೇಳುವುದು ಶಿಸ್ತಲ್ಲವೆಂದು ಇಪ್ಪತ್ತು ವರ್ಷ ಕಲಿತವರು ಅವರು. ‘ಕಳೆದ ಮೂರು ತಿಂಗಳಲ್ಲಿ ಮಾತ್ರೆಯನ್ನು ಎಲ್ಲಿಂದ ತಂದಿರಿ, ಯಾರು ತಂದರು?’ ಎಂದು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಬರೆಯಲು ಒಬ್ಬ ನಿವೃತ್ತ ಹವಾಲ್ದಾರರ ಅಥವಾ ಅವರ ಪತ್ನಿಯ ಸಹಾಯ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಗಳು ಈ ಅಪಾಯವನ್ನು ಗುರುತಿಸಿವೆ. ಮೇಲಧಿಕಾರಿಗಳ ಮಾತಿಗೆ ಇಲ್ಲವೆನ್ನಲು ಕಷ್ಟವಾಗುವ ವರ್ಗಗಳಲ್ಲಿ ರಕ್ಷಣಾ ಸೇವೆಯವರನ್ನೂ ಅವು ಹೆಸರಿಸುತ್ತವೆ. ಪ್ರತಿ ನೈತಿಕ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಬೇಕೆನ್ನುತ್ತವೆ. ಸಮುದಾಯದ ಮುಖ್ಯಸ್ಥರ ಅನುಮತಿ ವ್ಯಕ್ತಿಯ ಒಪ್ಪಿಗೆಗೆ ಬದಲಿಯಾಗದು ಎಂಬುದೂ ಅವುಗಳಲ್ಲಿದೆ. ಈ ಕೊನೆಯ ಅಂಶ ನೇರವಾಗಿ ತಮಗೆ ಸಂಬಂಧಿಸಿದ್ದು. ಪಂಚಾಯತ್ ಅಧ್ಯಕ್ಷರು ಅನುಮತಿ ಪತ್ರಕ್ಕೆ ಸಹಿ ಹಾಕಿದರೆಂದರೆ ತಂಡವು ಊರಿಗೆ ಬರಬಹುದು ಎಂದಷ್ಟೇ ಅರ್ಥ. ಯಾವ ಮಾಜಿ ಸೈನಿಕರೂ ಅದರಿಂದ ಉತ್ತರಿಸಲು ಬದ್ಧರಾಗುವುದಿಲ್ಲ. ಹಾಗೆಯೇ ಅವರ ಹೆಸರು, ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಅವರನ್ನು ಕೇಳದೆ ಕಚೇರಿಯಿಂದ ಕೊಡಬಾರದು. ತಂಡದ ವಿಳಾಸವನ್ನೇ ಅವರಿಗೆ ತಲುಪಿಸಿ, ಇಷ್ಟವಿದ್ದವರು ಸಂಪರ್ಕಿಸಲಿ.

ಊರಿನ ಮಾಜಿ ಸೈನಿಕರೆಂದ ಕೂಡಲೇ ನಮ್ಮ ಕಣ್ಣಿಗೆ ಬೀಳುವವರು ಸ್ವಾತಂತ್ರ್ಯೋತ್ಸವದಂದು ಧ್ವಜದ ಬಳಿ ನಿಲ್ಲುವ ಸುಬೇದಾರ್ ಸಾಹೇಬರು. ಅವರಿರುವ ಸಭೆಯಲ್ಲಿ ಸಿಪಾಯಿಯಾಗಿ ನಿವೃತ್ತರಾದವರು ಬಾಯಿ ಬಿಡುವುದು ಅಪರೂಪ. ಪದವಿಯ ಶ್ರೇಣಿ ಸಮವಸ್ತ್ರದೊಂದಿಗೆ ಕಳಚುವುದಿಲ್ಲ. ಇನ್ನು ಸೈನಿಕರ ವಿಧವೆಯರು ಸಭೆಗೇ ಬರುವುದಿಲ್ಲ. ಗಂಡ ತೀರಿಕೊಂಡ ಬಳಿಕ ಕಾರ್ಡು ತಮ್ಮ ಹೆಸರಿನಲ್ಲಿ ಮುಂದುವರಿಯುತ್ತದೆಂದು ತಿಳಿಯದೆ ಖಾಸಗಿ ಆಸ್ಪತ್ರೆಗೆ ಸಾಲ ಮಾಡಿದವರೂ ಇರಬಹುದು. ಇದ್ದಾರೆಯೇ ಎಂಬುದನ್ನು ಪತ್ತೆಹಚ್ಚುವುದೇ ಒಂದು ಉತ್ತಮ ಅಧ್ಯಯನ. ಆದ್ದರಿಂದ ಪಾಲುದಾರರನ್ನು ಆರಿಸುವಾಗ ಒಬ್ಬ ಅಧಿಕಾರಿ ಶ್ರೇಣಿಯವರಿದ್ದರೆ ಇಬ್ಬರು ಸಿಪಾಯಿ ಶ್ರೇಣಿಯವರು, ಒಬ್ಬ ವಿಧವೆ ಇರಲಿ ಎಂಬುದು ನನ್ನ ಸಲಹೆ. ವಿಧವೆಯರ ಬಳಿಗೆ ಆಶಾ ಕಾರ್ಯಕರ್ತೆಯರು ಮೊದಲು ಹೋಗಿ ಮಾತನಾಡಿದರೆ ಅನುಕೂಲ.

ಇದಕ್ಕೆ ಹೊಸ ಸಮಿತಿ ರಚಿಸುವ ಅಗತ್ಯವಿಲ್ಲ, ಇರುವ ಸಮಿತಿಗಳೇ ಸಾಕಷ್ಟಿವೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಗೆ ಇವರನ್ನು ವಿಶೇಷ ಆಹ್ವಾನಿತರಾಗಿ ಕರೆಯಬಹುದು. ಅಧ್ಯಯನ ತಂಡವು ಅನುಮತಿ ಕೋರಿ ಬಂದಾಗ ಪ್ರಶ್ನಾವಳಿಯ ಕನ್ನಡ ಪ್ರತಿಯನ್ನು ಕೇಳಿ ಪಡೆಯಿರಿ. ಅದನ್ನು ಆ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಎಲ್ಲಿ ಸಭೆ ಸುಮ್ಮನಾಗುತ್ತದೆ, ಎಲ್ಲಿ ನಗು ಬರುತ್ತದೆ ಎಂಬುದನ್ನು ತಂಡದವರು ಗುರುತು ಹಾಕಿಕೊಳ್ಳಲಿ. ನೈತಿಕ ಸಮಿತಿಯ ಒಪ್ಪಿಗೆ ಪತ್ರವನ್ನು ತೋರಿಸಲಿ. ಸಲಹೆ ನೀಡಲು ಬಂದವರ ದಿನದ ಖರ್ಚನ್ನು ತಂಡವೇ ಭರಿಸಲಿ, ಪಂಚಾಯತ್ ನಿಧಿಯಿಂದ ಬೇಡ. ಫಲಿತಾಂಶವನ್ನು ಯಾವ ತಿಂಗಳ ಗ್ರಾಮ ಸಭೆಯಲ್ಲಿ ತಿಳಿಸುತ್ತೀರೆಂದು ಮೊದಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ತಂಡಕ್ಕೆ ಅನುಮತಿಯನ್ನು ತಡೆಹಿಡಿಯುವ ಧೈರ್ಯವೂ ತಮಗಿರಲಿ.

ಮುಂದಿನ ಅವಧಿಯಲ್ಲಿ ಆರೋಗ್ಯ ಇಲಾಖೆಯ ಅಧಿಕಾರಿಗಳು ಇದೇ ಗ್ರಾಮ ಆರೋಗ್ಯ ಸಮಿತಿಯ ಸಭಾ ನಡವಳಿ ಮತ್ತು ಲೆಕ್ಕಪತ್ರಗಳ ಬಗ್ಗೆ ಮಾತನಾಡಲಿದ್ದಾರೆ. ವಿಶೇಷ ಆಹ್ವಾನಿತರ ಹೆಸರನ್ನು ನಡವಳಿಯಲ್ಲಿ ಹೇಗೆ ದಾಖಲಿಸಬೇಕೆಂದು ತಾವು ಅವರನ್ನೇ ಕೇಳಬಹುದು.